ಕುರಿ ಸುತ್ತು ತಿರುಗಿದರೆ, ಆಡು ಸೆಟೆದು ಬಿದ್ದರೆ: ಮಿದುಳು ಮತ್ತು ನರದ ರೋಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕಡೆಯ ಕನ್ನಡ ಊರುಗಳಲ್ಲಿ ಕುರಿ ಸಾಕುವವರು ಬಹಳ. ಮಾಡಗ್ಯಾಳ ಕುರಿ, ಕರಿ ದಖನಿ ಕುರಿ, ಉಸ್ಮಾನಾಬಾದಿ ಆಡು ಎಲ್ಲವೂ ನಮ್ಮ ಹಟ್ಟಿಗಳಲ್ಲಿವೆ. ಕೆಮ್ಮು, ಭೇದಿ, ಕಾಲುಬಾಯಿ ರೋಗ ಬಂದರೆ ನಮ್ಮ ಜನ ಬೇಗ ಗುರುತಿಸುತ್ತಾರೆ. ಆದರೆ ಪ್ರಾಣಿ ಗಿರಗಿರ ತಿರುಗಿದಾಗ, ಗೋಡೆಗೆ ತಲೆ ಒತ್ತಿ ನಿಂತಾಗ, ಕತ್ತು ಹಿಂದಕ್ಕೆ ಎಳೆದುಕೊಂಡು ಬಿದ್ದಾಗ ಕೈಕಾಲು ಆಡುವುದಿಲ್ಲ. ಕೆಲವರು ಗಾಳಿ ಸೋಕಿತು ಅನ್ನುತ್ತಾರೆ, ಕೆಲವರು ಹಾವು ಕಚ್ಚಿತು ಅನ್ನುತ್ತಾರೆ. ಅಷ್ಟರಲ್ಲಿ ಉಳಿಸಬಹುದಾದ ಸಮಯ ಕಳೆದುಹೋಗಿರುತ್ತದೆ. ಕುರಿಗಾಹಿಗಳು ಮತ್ತು ಮನೆಯಲ್ಲಿ ನಾಲ್ಕಾರು ಆಡು ಕಟ್ಟಿರುವ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ರೋಗ ಮಿದುಳಿಗೆ ಬಂದಿದೆ ಅಂತ ತಿಳಿಯುವುದು ಹೇಗೆ?

ಹಿಂಡು ಮೇಯಲು ಹೊರಟಾಗ ಒಂದೇ ಹಿಂದೆ ಉಳಿದರೆ ಮೊದಲ ಅನುಮಾನ ಅಲ್ಲೇ ಬರಬೇಕು. ಕುರಿ ತಾನಾಗಿ ಹಿಂಡು ಬಿಡುವ ಪ್ರಾಣಿ ಅಲ್ಲ. ಆಮೇಲೆ ನಡಿಗೆ ನೋಡಿ. ಕಾಲು ಎತ್ತೆತ್ತಿ ಇಡುತ್ತಿದೆಯಾ, ಒಂದೇ ಕಡೆಗೆ ಸುತ್ತುತ್ತಿದೆಯಾ, ಬೇಲಿಗೆ ಡಿಕ್ಕಿ ಹೊಡೆಯುತ್ತಿದೆಯಾ? ತಲೆ ವಾರೆ ಆಗಿದೆಯಾ? ಹಲ್ಲು ಕಡಿಯುವುದು, ಕಣ್ಣುಗುಡ್ಡೆ ಅದರುವುದು, ಕಿವಿ ಅಥವಾ ತುಟಿ ಒಂದೇ ಕಡೆ ಜೋತು ಬೀಳುವುದು, ಆಕಾಶ ನೋಡಿದ ಹಾಗೆ ಕತ್ತು ಮೇಲೆತ್ತುವುದು, ಬಿದ್ದು ಈಜಿದಂತೆ ಕಾಲು ಬಡಿಯುವುದು, ಇವೆಲ್ಲ ಮಿದುಳಿಗೋ ನರಕ್ಕೋ ಪೆಟ್ಟು ಬಿದ್ದಿರುವ ಗುರುತುಗಳು.

ಒಂದು ಮಾತು ಮನಸ್ಸಿನಲ್ಲಿರಲಿ. ಸುತ್ತು ತಿರುಗುವುದು ಒಂದೇ ರೋಗ ಅಲ್ಲ. ನಾಯಿಯಿಂದ ಬರುವ ಹುಳುವಿನ ಗುಳ್ಳೆಯಿಂದಲೂ ತಿರುಗುತ್ತದೆ, ಬೂಸು ಹಿಡಿದ ಮೇವಿನಿಂದ ಬರುವ ಸೋಂಕಿನಿಂದಲೂ ತಿರುಗುತ್ತದೆ, ಕಿವಿಯೊಳಗೆ ಕೀವಾದರೂ ತಿರುಗುತ್ತದೆ. ಔಷಧಿ ಒಂದೊಂದಕ್ಕೂ ಬೇರೆ. ಅದಕ್ಕೇ ಸೂಜಿ ಹಿಡಿಯುವ ಮೊದಲು ಹತ್ತು ನಿಮಿಷ ದೂರ ನಿಂತು ಸುಮ್ನೆ ನೋಡಿ. ಆ ಹತ್ತು ನಿಮಿಷದಲ್ಲಿ ಕಂಡದ್ದು ಡಾಕ್ಟರಿಗೆ ಅರ್ಧ ಕೆಲಸ ಮಾಡಿಕೊಡುತ್ತದೆ.

ಕಂಡ ಕೂಡಲೇ ನಾನು ಏನು ಮಾಡಬೇಕು?

ಮೊದಲು ಬಾಯಿಗೆ ಕೈ ಹಾಕಬೇಡಿ. ಗಂಟಲಲ್ಲಿ ಏನೋ ಸಿಕ್ಕಿರಬೇಕು ಅಂತ ಬೆರಳು ತೂರಿಸಿ ನೋಡುವುದು ನಮ್ಮಲ್ಲಿ ದೊಡ್ಡ ಚಾಳಿ. ಅದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ ಆಗಿದ್ದರೆ ನಿಮ್ಮ ಜೀವಕ್ಕೇ ಅಪಾಯ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಮಕ್ಕಳನ್ನು ದೂರ ಇಡಿ.

ಪ್ರಾಣಿಯನ್ನು ಹಿಂಡಿನಿಂದ ಬೇರೆ ಮಾಡಿ, ನೆರಳಲ್ಲಿ, ಮೆತ್ತನೆ ಹುಲ್ಲಿನ ಮೇಲೆ ಮಲಗಿಸಿ. ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತದೆ. ಎರಡೂ ಕಡೆ ಹುಲ್ಲಿನ ಚೀಲ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. ಹತ್ತಿರ ಕಲ್ಲು, ಮುಳ್ಳುಬೇಲಿ, ಬಾವಿ ಇರಬಾರದು. ಗುದದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಕುರಿ, ಆಡುಗಳಿಗೆ ಸಾಮಾನ್ಯವಾಗಿ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ. ಆಮೇಲೆ ಊರಿನ ದವಾಖಾನೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಎಣ್ಣೆ, ಬೆಲ್ಲದ ನೀರು, ಸೋಡಾ ಕುಡಿಸಬಹುದಾ?

ಬೇಡ. ನರದ ರೋಗ ಬಂದ ಪ್ರಾಣಿಗೆ ಎಷ್ಟೋ ಸಲ ನುಂಗಲು ಆಗುವುದಿಲ್ಲ. ಗೊಟ್ಟದಲ್ಲಿ ಹುಯ್ದದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗದಿಂದ ಉಳಿಯಬಹುದಾಗಿದ್ದ ಕುರಿ ಎರಡು ದಿನದ ಮೇಲೆ ನ್ಯುಮೋನಿಯಾದಿಂದ ಸಾಯುತ್ತದೆ. ತಾನಾಗಿ ನೀರು ಕುಡಿಯುತ್ತಿದ್ದರೆ, ಮೆಲುಕು ಹಾಕುತ್ತಿದ್ದರೆ ಮಾತ್ರ ಡಾಕ್ಟರು ಹೇಳಿದ್ದನ್ನು ಕೊಡಿ.

ನಾಯಿ, ತೋಳ ಅಥವಾ ನರಿ ಕಚ್ಚಿದರೆ?

ನಮ್ಮ ಮಾಳಗಳಲ್ಲಿ ತೋಳ, ನರಿ ಇನ್ನೂ ಇವೆ. ಬೀದಿ ನಾಯಿ ಹೇಳಬೇಕಾಗಿಲ್ಲ. ಕಚ್ಚಿದ ಗಾಯವನ್ನು ತಕ್ಷಣ ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಕೈಗವಸು ಹಾಕಿಕೊಂಡೇ ತೊಳೆಯಿರಿ. ಅರಿಸಿನ, ಸುಣ್ಣ, ಮೆಣಸಿನ ಪುಡಿ ಮೆತ್ತಬೇಡಿ. ಅದೇ ದಿನ ಪ್ರಾಣಿಗೆ ರೇಬೀಸ್ ಲಸಿಕೆ ಶುರು ಮಾಡಿಸಿ. ಸಾಮಾನ್ಯವಾಗಿ ಮೊದಲ ದಿನ, ಆಮೇಲೆ 3, 7, 14, 28ನೇ ದಿನ ಹೀಗೆ ಸರಣಿಯಾಗಿ ಕೊಡುತ್ತಾರೆ. ಎರಡು ಸೂಜಿ ಆದ ಮೇಲೆ ಪ್ರಾಣಿ ಚೆನ್ನಾಗಿದೆ ಅಂತ ಬಿಟ್ಟುಬಿಡಬೇಡಿ.

ರೇಬೀಸ್ ಕಚ್ಚಿದ ಮರುದಿನವೇ ಬರುವುದಿಲ್ಲ. ವಾರಗಳು, ಕೆಲವು ಸಲ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಗಾಯ ಮಾಯ್ದು ಕಚ್ಚಿದ್ದೇ ಮರೆತುಹೋಗಿರುತ್ತದೆ. ಆಮೇಲೆ ಆಡು ಗಂಟಲು ಒಡೆದ ದನಿಯಲ್ಲಿ ಬಿಡದೆ ಅರಚುತ್ತದೆ, ಜೊಲ್ಲು ಸುರಿಸುತ್ತದೆ, ಎದುರಿಗೆ ಬಂದದ್ದಕ್ಕೆ ಹಾಯುತ್ತದೆ. ಕುರಿಯಲ್ಲಿ ಮೈ ನಡುಗುವುದು, ತನ್ನದೇ ಉಣ್ಣೆ ಕಿತ್ತುಕೊಳ್ಳುವುದು, ಬೆದೆಗೆ ಬಂದಂತೆ ಒಂದರ ಮೇಲೊಂದು ಏರುವುದು ಕಾಣಬಹುದು. ಕೆಲವಂತೂ ಸುಮ್ಮನೆ ಮಂಕಾಗಿ, ಹಿಂಗಾಲು ಸೋತು ಬೀಳುತ್ತವೆ. ಗುರುತು ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಇಲ್ಲ. ಹತ್ತು ದಿನದ ಒಳಗೆ ಸಾವು ಬರುತ್ತದೆ.

ಅಂಥ ಪ್ರಾಣಿಯ ಜೊಲ್ಲು ನನ್ನ ಕೈಗೆ ತಾಗಿದೆ. ಹಾಲು ಕೂಡ ಕುಡಿದಿದ್ದೇವೆ. ಏನು ಮಾಡುವುದು?

ಕೈಯಲ್ಲಿ ಚಿಕ್ಕ ಗೀರು ಇದ್ದರೂ, ಜೊಲ್ಲು ಕಣ್ಣಿಗೋ ಬಾಯಿಗೋ ಸಿಡಿದಿದ್ದರೂ ಅದನ್ನು ಕಚ್ಚಿದಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯ ಜೊತೆ ಸೀರಮ್ ಬೇಕಾ ಅಂತ ಡಾಕ್ಟರೇ ನೋಡುತ್ತಾರೆ. ಹಸಿ ಹಾಲು ಕುಡಿದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಜೊಲ್ಲು ಮುಟ್ಟಿದ ಎಲ್ಲರೂ ಹೋಗಬೇಕು. ಮರಿ ಎತ್ತಿಕೊಂಡು ಆಡಿದ ಮಕ್ಕಳನ್ನು ಮರೆಯಬೇಡಿ. ಮಕ್ಕಳು ಬೈಗುಳಕ್ಕೆ ಹೆದರಿ ಹೇಳುವುದಿಲ್ಲ. ಪ್ರೀತಿಯಿಂದ ಕೇಳಿ ತಿಳಿದುಕೊಳ್ಳಿ.

ಮರಿ ಒಂದೇ ದಿಕ್ಕಿಗೆ ಸುತ್ತುತ್ತದೆ. ವಾರಗಳಿಂದ ಹೀಗೇ ಇದೆ. ಇದೇನು?

ವಯಸ್ಸು ಎರಡು ವರ್ಷದ ಒಳಗಿದ್ದು, ಜ್ವರ ಇಲ್ಲದೆ, ರೋಗ ನಿಧಾನವಾಗಿ ಏರುತ್ತಾ ಬಂದಿದ್ದರೆ ತಿರುಗು ರೋಗದ ಅನುಮಾನ ಜಾಸ್ತಿ. ಡಾಕ್ಟರುಗಳು ಇದನ್ನು ಗಿಡ್ ಅನ್ನುತ್ತಾರೆ. ಇದು ನಾಯಿಯ ಕರುಳಿನಲ್ಲಿರುವ ಒಂದು ಲಾಡಿ ಹುಳುವಿನಿಂದ ಬರುತ್ತದೆ. ಹುಳುವಿನ ಹೆಸರು ಟೀನಿಯಾ ಮಲ್ಟಿಸೆಪ್ಸ್. ನಾಯಿಯ ಹೇಲಿನ ಜೊತೆ ಮೊಟ್ಟೆ ಹುಲ್ಲಿನ ಮೇಲೆ ಬೀಳುತ್ತದೆ. ಕುರಿ ಆ ಹುಲ್ಲು ತಿನ್ನುತ್ತದೆ. ಮರಿಹುಳು ರಕ್ತದಲ್ಲಿ ಸಾಗಿ ಮಿದುಳು ಸೇರುತ್ತದೆ. ಅಲ್ಲಿ ನೀರು ತುಂಬಿದ ಗುಳ್ಳೆಯಾಗಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಗುಳ್ಳೆ ದೊಡ್ಡದಾದಂತೆ ಮಿದುಳು ಒತ್ತಿಹೋಗುತ್ತದೆ. ಆಗ ಪ್ರಾಣಿ ಸುತ್ತುತ್ತದೆ, ತಲೆ ಓರೆ ಮಾಡುತ್ತದೆ, ಒಂದು ಕಣ್ಣು ಕಾಣದಾಗುತ್ತದೆ. ಸಾಮಾನ್ಯವಾಗಿ ಗುಳ್ಳೆ ಇರುವುದು ಕಾಣದ ಕಣ್ಣಿನ ಎದುರು ಬದಿಯಲ್ಲಿ. ಕೆಲವು ಮರಿಗಳಲ್ಲಿ ಗುಳ್ಳೆಯ ಮೇಲಿನ ತಲೆಬುರುಡೆ ತೆಳುವಾಗಿ, ಹೆಬ್ಬೆರಳಲ್ಲಿ ಒತ್ತಿದರೆ ಮೆತ್ತಗೆ ಸಿಗುತ್ತದೆ.

ಈಗ ನಮ್ಮ ಹಟ್ಟಿಯಲ್ಲಿ ನಡೆಯುವುದನ್ನು ನೋಡಿ. ಸುತ್ತುವ ಕುರಿಯನ್ನು ಕಡಿಯುತ್ತಾರೆ. ಮಾಂಸ ಮನೆಗೆ, ತಲೆ ನಾಯಿಗೆ. ಆ ತಲೆಯಲ್ಲಿರುವ ಒಂದು ಗುಳ್ಳೆಯೊಳಗೆ ನೂರಾರು ಹುಳುವಿನ ತಲೆಗಳಿರುತ್ತವೆ. ಸುಮಾರು ಆರು ವಾರದಲ್ಲಿ ಅದೇ ನಾಯಿ ಮತ್ತೆ ಮೊಟ್ಟೆ ಉದುರಿಸಲು ಶುರು ಮಾಡುತ್ತದೆ. ಹಿಂಡಿನ ಕಾವಲಿಗೆ ಇಟ್ಟ ನಾಯಿಯೇ, ಅದರ ತಪ್ಪಿಲ್ಲದೆ, ಹಿಂಡಿಗೆ ರೋಗ ಹಂಚುತ್ತದೆ. ಈ ಸುತ್ತನ್ನು ಮುರಿಯುವುದು ಪೂರ್ತಿ ನಮ್ಮ ಕೈಯಲ್ಲಿದೆ. ಕುರಿಯ ತಲೆ, ಮಿದುಳನ್ನು ನಾಯಿಗೆ ಹಸಿಯಾಗಿ ಹಾಕಲೇಬೇಡಿ. ಸುಡಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಹಟ್ಟಿಯ ನಾಯಿಗಳಿಗೆ ಆರರಿಂದ ಎಂಟು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತಿನ ಮಾತ್ರೆ ಕೊಡಿ. ತೂಕ ನೋಡಿ ಡೋಸ್ ಕೇಳಿ. ಮಾತ್ರೆ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿ, ಹೇಲು ಬಾಚಿ ಹೂತುಬಿಡಿ. ಒಬ್ಬರ ನಾಯಿಗೆ ಕೊಟ್ಟರೆ ಸಾಲದು, ಹಟ್ಟಿಯವರೆಲ್ಲ ಒಂದೇ ದಿನ ಕೊಡಬೇಕು. ಒಂದು ಮರಿ ಮಾರಿದ ದುಡ್ಡಿನಲ್ಲಿ ಇಡೀ ಹಟ್ಟಿಯ ನಾಯಿಗಳಿಗೆ ವರ್ಷದ ಮಾತ್ರೆ ಬರುತ್ತದೆ. ಇದನ್ನು ಯಾಕೆ ಮಾಡುವುದಿಲ್ಲ ಅಂತ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಗುಳ್ಳೆಯನ್ನು ಆಪರೇಷನ್ ಮಾಡಿ ತೆಗೆಯಬಹುದಾ?

ತೆಗೆಯಬಹುದು. ಗುಳ್ಳೆ ಮಿದುಳಿನ ಮೇಲ್ಭಾಗದಲ್ಲಿದ್ದು, ಜಾಗ ಸರಿಯಾಗಿ ಗೊತ್ತಾದರೆ, ಪಶುವೈದ್ಯರು ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಅದನ್ನು ಹೊರಗೆಳೆಯುತ್ತಾರೆ. ಎಷ್ಟೋ ಪ್ರಾಣಿ ಮತ್ತೆ ಹಿಂಡಿಗೆ ಸೇರುತ್ತವೆ. ಒಳ್ಳೆ ಮಾಡಗ್ಯಾಳ ಟಗರೋ ಹೆಣ್ಣು ಮರಿಯೋ ಆಗಿದ್ದರೆ ಪ್ರಯತ್ನ ಮಾಡಲೇಬೇಕು ಅನ್ನುವುದು ನನ್ನ ಮಾತು. ಆದರೆ ಪ್ರಾಣಿ ಎದ್ದು ನಡೆಯುವಾಗಲೇ ಕರೆದೊಯ್ಯಿರಿ. ನೆಲ ಹಿಡಿದ ಮೇಲೆ ಆಸೆ ಕಡಿಮೆ.

ಕಣ್ಣು ಕಾಣುತ್ತಿಲ್ಲ, ಆಕಾಶ ನೋಡುತ್ತದೆ, ಕತ್ತು ಹಿಂದಕ್ಕೆ ಬಗ್ಗಿದೆ. ನಿನ್ನೆವರೆಗೆ ಚೆನ್ನಾಗಿತ್ತು.

ಹಾಗಾದರೆ ಈಗಲೇ ಹೊರಡಿ. ಇದು ಬಿ1 ವಿಟಮಿನ್, ಅಂದರೆ ಥಯಮಿನ್ ಕೊರತೆಯಿಂದ ಮಿದುಳು ಊದಿರುವ ರೋಗ ಇರಬಹುದು. ಬೇಗ ಸೂಜಿ ಬಿದ್ದರೆ ಕಣ್ಣೆದುರಲ್ಲೇ ಚೇತರಿಸಿಕೊಳ್ಳುವ ರೋಗ ಇದು.

ಕುರಿ, ಆಡಿನ ಮೆಲುಕು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಬಿ1 ತಯಾರಿಸಿಕೊಡುತ್ತವೆ. ಇದ್ದಕ್ಕಿದ್ದಂತೆ ಕಾಳು ಜಾಸ್ತಿ ತಿಂದರೆ ಹೊಟ್ಟೆ ಹುಳಿಯಾಗುತ್ತದೆ. ಬಿ1 ಅನ್ನು ಹಾಳುಮಾಡುವ ಜೀವಿಗಳು ಹೆಚ್ಚುತ್ತವೆ. ನಮ್ಮ ಕಡೆ ಇದಕ್ಕೆ ಎರಡು ಕಾಲ ಇದೆ. ಒಂದು, ಹಿಂಗಾರಿ ಜೋಳದ ರಾಶಿ ಮುಗಿದು ಹೊಲದಲ್ಲಿ ಕುರಿ ತರುಬುವಾಗ. ಮಂಗಳವೇಢೆ, ಜತ್ತದ ಮಾಲದಂಡಿ ಜೋಳದ ಹೊಲಗಳಲ್ಲಿ ಉದುರಿದ ತೆನೆ, ಕಣದ ಮೂಲೆಯ ಕಾಳು ಕುರಿಗೆ ಸಿಕ್ಕಿಬಿಡುತ್ತದೆ. ಇನ್ನೊಂದು, ಬಕ್ರೀದ್ ಸಂತೆಗೆ ಟಗರು ತಯಾರು ಮಾಡುವಾಗ. ಮೆಕ್ಕೆಜೋಳ, ಗೋಧಿ, ಹಿಂಡಿ ಎಲ್ಲವನ್ನೂ ಒಂದೇ ವಾರದಲ್ಲಿ ಏರಿಸಿಬಿಡುತ್ತಾರೆ. ಮರಿಗಳ ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಔಷಧಿಯನ್ನು ಹೇಳಿದ್ದಕ್ಕಿಂತ ಹೆಚ್ಚು ದಿನ ಕೊಟ್ಟರೂ ಇದೇ ತೊಂದರೆ ಬರುತ್ತದೆ.

ಟಾರ್ಚ್ ಇದ್ದರೆ ಒಂದು ಪರೀಕ್ಷೆ ಮಾಡಿ. ಕಣ್ಣ ಮುಂದೆ ಬೆರಳು ಆಡಿಸಿದರೆ ರೆಪ್ಪೆ ಬಡಿಯುವುದಿಲ್ಲ, ಅಂದರೆ ಕಾಣುತ್ತಿಲ್ಲ. ಆದರೆ ಟಾರ್ಚ್ ಬಿಟ್ಟರೆ ಪಾಪೆ ಚಿಕ್ಕದಾಗುತ್ತದೆ. ಅಂದರೆ ಕಣ್ಣು ಚೆನ್ನಾಗಿದೆ, ತೊಂದರೆ ಮಿದುಳಿನಲ್ಲಿದೆ. ಇದನ್ನು ಫೋನಿನಲ್ಲೇ ಡಾಕ್ಟರಿಗೆ ಹೇಳಿ. ಅವರು ಥಯಮಿನ್ ಅನ್ನು ಒಂದು ಕಿಲೋ ತೂಕಕ್ಕೆ 10 ಮಿಲಿಗ್ರಾಂನಷ್ಟು ಲೆಕ್ಕದಲ್ಲಿ, ದಿನಕ್ಕೆ ಹಲವು ಸಲ ಕೊಡುತ್ತಾರೆ. ಮೊದಲನೆಯದನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡಬೇಕಾದ್ದರಿಂದ ಅದು ಡಾಕ್ಟರ ಕೆಲಸ. ಔಷಧ ಅಂಗಡಿಯಲ್ಲಿ ಸಿಗುವ ಬಿ-ಕಾಂಪ್ಲೆಕ್ಸ್‌ನಲ್ಲಿ ಬಿ1 ಪ್ರಮಾಣ ಕಡಿಮೆ ಇರುತ್ತದೆ. ಅದೊಂದನ್ನೇ ನಂಬಿ ಕೂರಬೇಡಿ. ಬೇಗ ಕೊಟ್ಟರೆ ಕೆಲವು ಗಂಟೆಗಳಲ್ಲೇ ಸುಧಾರಣೆ ಶುರುವಾಗುತ್ತದೆ. ದೃಷ್ಟಿ ಬರಲು ಕೆಲವು ದಿನ ಹಿಡಿಯಬಹುದು.

ಕಾಳು ಏರಿಸುವುದಾದರೆ ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಮೊದಲು ಕಣಕಿ (ಜೋಳದ ಒಣ ದಂಟು), ಹೊಟ್ಟು, ಆಮೇಲೆ ಕಾಳು.

ರಾತ್ರಿ ಚೆನ್ನಾಗಿ ಮೇವು ತಿಂದ ಟಗರು ಬೆಳಿಗ್ಗೆ ಸತ್ತು ಬಿದ್ದಿದೆ. ಅದೂ ಹಿಂಡಿನಲ್ಲೇ ದಪ್ಪಗಿದ್ದದ್ದು.

ಕರುಳುಬೇನೆ ಇರಬಹುದು. ನಮ್ಮ ದವಾಖಾನೆಯ ಚೀಟಿಯಲ್ಲಿ ಇದನ್ನು ಆಂತ್ರವಿಷಾರ ಅಂತ ಬರೆದಿರುತ್ತಾರೆ. ಕರುಳಿನಲ್ಲಿ ಮೊದಲೇ ಇರುವ ಒಂದು ರೋಗಾಣು, ಎಳೆ ಹುಲ್ಲು ಅಥವಾ ಕಾಳು ಅತಿಯಾಗಿ ಸಿಕ್ಕಾಗ ಬೆಳೆದು ವಿಷ ಬಿಡುತ್ತದೆ. ವಿಷ ಮಿದುಳಿಗೆ ಏರುತ್ತದೆ. ಪ್ರಾಣಿ ನೆಗೆದು ಬಿದ್ದು, ಕತ್ತು ಸೆಟೆದು, ಕಾಲು ಬಡಿದು ಗಂಟೆಗಳಲ್ಲಿ ಸಾಯುತ್ತದೆ. ಚಿಕಿತ್ಸೆಗೆ ಸಮಯವೇ ಸಿಗುವುದಿಲ್ಲ. ಚೆನ್ನಾಗಿ ಬೆಳೆಯುತ್ತಿರುವ ಮರಿಗಳನ್ನೇ ಹಿಡಿಯುತ್ತದೆ.

ಲಸಿಕೆಯೊಂದೇ ದಾರಿ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಹಾಕಿಸಿ. ಮೊದಲ ಸಲ ಹಾಕಿಸುವ ಪ್ರಾಣಿಗೆ ಎರಡರಿಂದ ಮೂರು ವಾರದ ಅಂತರದಲ್ಲಿ ಎರಡನೇ ಡೋಸ್ ಬೇಕು. ಆಮೇಲೆ ವರ್ಷಕ್ಕೊಮ್ಮೆ. ಈ ಎರಡನೇ ಡೋಸ್ ತಪ್ಪಿಸುವವರೇ ಜಾಸ್ತಿ. ಅಷ್ಟರಲ್ಲಿ ಹಿಂಡು ಬೇರೆ ಊರಿಗೆ ಹೋಗಿರುತ್ತದೆ ಅಲ್ವಾ? ಹೋದ ಊರಿನ ದವಾಖಾನೆಯಲ್ಲೇ ಕೇಳಿ ಹಾಕಿಸಿಕೊಳ್ಳಿ. ಮೊದಲ ಡೋಸಿನ ಚೀಟಿ ಜೊತೆಗಿರಲಿ.

ಜೋಳದ ಹೊಲಕ್ಕೆ ನುಗ್ಗಿದ ಹತ್ತು ನಿಮಿಷಕ್ಕೇ ನಾಲ್ಕು ಕುರಿ ಬಿದ್ದವು. ಯಾರೋ ವಿಷ ಹಾಕಿದ್ದಾರಾ?

ಯಾರೂ ಹಾಕಬೇಕಾಗಿಲ್ಲ. ವಿಷ ಎಳೆ ಜೋಳದಲ್ಲೇ ಇದೆ. ಮೊಣಕಾಲುದ್ದ ಆಗದ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಒಂದು ಮಳೆಗೆ ಚಿಗುರಿದ ಕೂಳೆ, ಈ ಮೂರರಲ್ಲೂ ಸಯನೈಡ್ ಬಿಡುವ ಅಂಶ ಹೆಚ್ಚಿರುತ್ತದೆ. ಉಸಿರು ಸೆಳೆಯುವುದು, ತೂರಾಡುವುದು, ನಡುಗುವುದು, ಬಿದ್ದು ಒದ್ದಾಡುವುದು ನಿಮಿಷಗಳಲ್ಲಿ ಆಗಿಬಿಡುತ್ತದೆ. ರಕ್ತ ಮೊದಲಿಗೆ ಕೆಂಪಗೆ ಹೊಳೆಯುತ್ತದೆ. ಉಳಿದ ಕುರಿಗಳನ್ನು ಓಡಿಸದೆ, ಗಾಬರಿ ಮಾಡದೆ ಹೊಲದಿಂದ ಹೊರಗೆ ತನ್ನಿ. ಇದಕ್ಕೆ ಮದ್ದಿದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಅನ್ನು ಡಾಕ್ಟರು ರಕ್ತನಾಳಕ್ಕೆ ಕೊಡುತ್ತಾರೆ. ಫೋನಿನಲ್ಲಿ "ಎಳೆ ಜೋಳ ತಿಂದಿವೆ" ಅಂತ ಮೊದಲ ಮಾತಿಗೇ ಹೇಳಿ, ಮದ್ದು ಜೊತೆಗೇ ತರುತ್ತಾರೆ.

ಹಸಿದ ಹಿಂಡಿಗೆ ಅಪಾಯ ಇನ್ನೂ ಹೆಚ್ಚು. ದಾರಿಯಲ್ಲಿ ಕೂಳೆ ಹೊಲ ಇದ್ದರೆ ಮೊದಲು ಒಣಮೇವಿನಿಂದ ಹೊಟ್ಟೆ ತುಂಬಿಸಿ ಹೊರಡಿ. ಚೆನ್ನಾಗಿ ಒಣಗಿದ ಕಣಕಿಯಲ್ಲಿ ಈ ಭಯ ತೀರಾ ಕಡಿಮೆ. ಈ ಸಾವಿನಿಂದ ಎಷ್ಟೋ ಊರುಗಳಲ್ಲಿ ಅಣ್ಣ ತಮ್ಮಂದಿರ ನಡುವೆ, ಹೊಲದವರ ಮತ್ತು ಕುರಿಯವರ ನಡುವೆ ಜಗಳ ಹುಟ್ಟುತ್ತದೆ. ಪೊಲೀಸ್ ಠಾಣೆಗೆ ಹೋಗುವ ಮೊದಲು ಪೋಸ್ಟ್‌ಮಾರ್ಟಂ ಮಾಡಿಸಿ.

ದ್ರಾಕ್ಷಿ ತೋಟದ ಸೊಪ್ಪು ತಿಂದ ಆಡು ಜೊಲ್ಲು ಸುರಿಸಿ ನಡುಗುತ್ತಿದೆ.

ಏಪ್ರಿಲ್ ಮತ್ತು ಅಕ್ಟೋಬರ್ ಚಾಟಣಿಯಲ್ಲಿ (ಬಳ್ಳಿ ಸವರುವಾಗ) ಕತ್ತರಿಸಿದ ಬಳ್ಳಿ, ಎಲೆ ರಾಶಿ ಬೀಳುತ್ತದೆ. ಆಡಿಗೆ ಅದು ಬಲು ಇಷ್ಟ. ಹೊಡೆದ ಕೀಟನಾಶಕ ಎಲೆಯ ಮೇಲಿದ್ದರೆ ಜೊಲ್ಲು, ಕಣ್ಣೀರು, ನೀರುಭೇದಿ, ಮೈ ಅದುರುವುದು, ಸೂಜಿಮೊನೆಯಷ್ಟು ಚಿಕ್ಕದಾದ ಪಾಪೆ, ಕಷ್ಟದ ಉಸಿರು ಕಾಣುತ್ತವೆ. ಮೈಗೆ ವಿಷ ಬಿದ್ದಿದ್ದರೆ ಸೋಪು ಹಾಕಿ ತೊಳೆಯಿರಿ. ತೋಟದವರನ್ನು ಕೇಳಿ ಔಷಧಿಯ ಡಬ್ಬಿಯನ್ನೇ ದವಾಖಾನೆಗೆ ಒಯ್ಯಿರಿ. ಆರ್ಗನೋಫಾಸ್ಫೇಟ್ ಗುಂಪಿನದಾಗಿದ್ದರೆ ಅಟ್ರೋಪಿನ್ ಕೊಟ್ಟು ಉಳಿಸಬಹುದು. ಉಣ್ಣಿಗೆ ಹಚ್ಚುವ ಔಷಧಿಯನ್ನು ಗಟ್ಟಿಯಾಗಿ ಕಲಸಿ ಮೈಗೆ ಸುರಿದರೂ ಇದೇ ಆಗುತ್ತದೆ. ಯೂರಿಯಾ ಚೀಲ ತೊಳೆದ ನೀರು ಕುಡಿದರೂ ನಡುಕ, ಹೊಟ್ಟೆಯುಬ್ಬರ ಬರುತ್ತದೆ. ಅದರ ಚಿಕಿತ್ಸೆ ಬೇರೆ. ಹಾಗಾಗಿ ಏನು ತಿಂದಿತು, ಏನು ಕುಡಿಯಿತು ಅನ್ನುವುದು ಮುಖ್ಯ.

ಜಂತಿನ ಔಷಧಿ ಕುಡಿಸಿದ ಮೇಲೆ ಕುರುಡಾಗಬಹುದಾ?

ಆಗಬಹುದು. ಕ್ಲೋಸಾಂಟೆಲ್ ಔಷಧಿ ಅಳತೆ ಮೀರಿದರೆ ಕಣ್ಣಿನ ನರ ಹಾಳಾಗುತ್ತದೆ. ಪಾಪೆ ಅಗಲವಾಗಿ ನಿಂತುಬಿಡುತ್ತದೆ, ಟಾರ್ಚಿಗೂ ಮುದುಡುವುದಿಲ್ಲ. ಹೋದ ಕಣ್ಣು ಹೆಚ್ಚಾಗಿ ಮರಳುವುದಿಲ್ಲ. ಮರಿಗೂ ಟಗರಿಗೂ ಒಂದೇ ಮುಚ್ಚಳದಲ್ಲಿ ಹುಯ್ಯುವುದನ್ನು ದಯವಿಟ್ಟು ಬಿಡಿ. ತೂಗು ತಕ್ಕಡಿಯಲ್ಲಿ ಮೂರು ನಾಲ್ಕು ಪ್ರಾಣಿ ತೂಗಿ ನೋಡಿದರೂ ಅಂದಾಜು ಸರಿಯಾಗುತ್ತದೆ.

ಗಬ್ಬದ ಕುರಿ ಈಯುವ ಮೊದಲೇ ಮಂಕಾಗಿ ಮಲಗಿದೆ. ಇದೂ ಮಿದುಳಿನ ರೋಗವಾ?

ಹೊಟ್ಟೆಯಲ್ಲಿ ಅವಳಿ ಮರಿ ಇದ್ದು, ಕೊನೆಯ ಒಂದೂವರೆ ತಿಂಗಳಲ್ಲಿ ಮೇವು ಸಾಲದಿದ್ದರೆ ಮೈಯ ಕೊಬ್ಬು ಕರಗಿ ರಕ್ತದಲ್ಲಿ ವಿಷದಂತಾಗುತ್ತದೆ. ಮಿದುಳಿಗೆ ಸಕ್ಕರೆ ಸಿಗುವುದಿಲ್ಲ. ಕುರಿ ಹಿಂಡು ಬಿಟ್ಟು ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಕಾಣದಂತೆ ಎಡವುತ್ತದೆ. ಉಸಿರಿಗೆ ಹಣ್ಣು ಕೊಳೆತಂಥ ಸಿಹಿ ವಾಸನೆ ಇರಬಹುದು. ಬೇಸಿಗೆಯಲ್ಲಿ ಮಾಳ ಒಣಗಿರುವಾಗ ಈಯುವ ಕುರಿಗಳಲ್ಲಿ ಇದು ಜಾಸ್ತಿ. ಸುಣ್ಣದ ಅಂಶ ಕಡಿಮೆಯಾದರೂ ಹೀಗೇ ಬೀಳುತ್ತದೆ. ಆದರೆ ಅದು ಕ್ಯಾಲ್ಸಿಯಂ ಸೂಜಿಗೆ ಬೇಗ ಎದ್ದು ನಿಲ್ಲುತ್ತದೆ. ಮೊದಲನೆಯದಕ್ಕೆ ಗ್ಲೂಕೋಸ್, ಪ್ರೊಪಿಲಿನ್ ಗ್ಲೈಕಾಲ್, ಕೆಲವು ಸಲ ಮರಿ ಹೊರಗೆ ತೆಗೆಯುವುದು ಬೇಕಾಗುತ್ತದೆ. ಕೊನೆಯ ತಿಂಗಳು ದಿನಕ್ಕೆರಡು ಮುಷ್ಟಿ ನುಚ್ಚು, ಹಿಂಡಿ ಕೊಟ್ಟರೆ ಇದು ಹತ್ತಿರ ಬರುವುದೇ ಕಷ್ಟ.

ಬೀಜ ಒಡೆಸಿದ ಹತ್ತು ದಿನಕ್ಕೆ ಮರಿ ಕಟ್ಟಿಗೆಯಂತೆ ಸೆಟೆದಿದೆ.

ಧನುರ್ವಾಯು. ಬೀಜ ಒಡೆಸಿದ ಗಾಯ, ಕಿವಿಗೆ ಬಿಲ್ಲೆ ಚುಚ್ಚಿದ ಗಾಯ, ಕೊಯ್ದ ಹೊಕ್ಕುಳು, ಉಣ್ಣೆ ಕತ್ತರಿಸುವಾಗ ಆದ ಗೀರು, ಎಲ್ಲಿಂದಲಾದರೂ ಬರುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ, ಕಿವಿ ನೆಟ್ಟಗಾಗುತ್ತದೆ, ಕಣ್ಣಿನ ಮೂಲೆಯಿಂದ ಒಳರೆಪ್ಪೆ ಅರ್ಧ ಮುಚ್ಚುತ್ತದೆ, ಚಪ್ಪಾಳೆ ಹೊಡೆದರೂ ಮೈ ಬಿಗಿಯುತ್ತದೆ. ಉಳಿಯುವುದು ಕಷ್ಟ. ಕತ್ತಲೆ, ಸದ್ದಿಲ್ಲದ ಜಾಗದಲ್ಲಿಟ್ಟು ಡಾಕ್ಟರನ್ನು ಕರೆಯಿರಿ. ಬ್ಲೇಡಿನ ಬದಲು ಬರ್ಡಿಜೊ ಇಕ್ಕಳದಿಂದ ಬೀಜ ಒಡೆಸಿದರೆ ಚರ್ಮ ಹರಿಯುವುದಿಲ್ಲ, ಅಪಾಯವೂ ಕಡಿಮೆ. ಹುಟ್ಟಿದ ಮರಿಯ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ.

ಒಂದೇ ಕಿವಿ ಜೋತಿದೆ, ಒಂದೇ ಕಡೆಯಿಂದ ಜೊಲ್ಲು ಸುರಿಯುತ್ತಿದೆ, ಜ್ವರ ಇದೆ.

ಲಿಸ್ಟೀರಿಯಾ ಸೋಂಕು ಇರಬಹುದು. ಕೆಟ್ಟ ಮುರಘಾಸ (ಹುದುಗಿಸಿಟ್ಟ ಹಸಿ ಮೇವು), ಬೂಸು ಹಿಡಿದ ಮೇವಿನಿಂದ ಬರುತ್ತದೆ. ಇದರಲ್ಲೂ ಪ್ರಾಣಿ ಸುತ್ತುತ್ತದೆ. ಆದರೆ ತಿರುಗು ರೋಗದ ಹಾಗೆ ತಿಂಗಳು ಕಾಯುವುದಿಲ್ಲ, ದಿನಗಳಲ್ಲಿ ಕೆಡುತ್ತದೆ. ಪೆನಿಸಿಲಿನ್‌ನಂಥ ಔಷಧಿ ಮೊದಲ ದಿನವೇ, ದೊಡ್ಡ ಪ್ರಮಾಣದಲ್ಲಿ ಬೀಳಬೇಕು. ಇದೇ ರೋಗಾಣು ಗಬ್ಬದ ಕುರಿಗಳಲ್ಲಿ ಕಂದು ಹಾಕಿಸುತ್ತದೆ. ಮನುಷ್ಯರಿಗೂ ಬರುತ್ತದೆ. ಬಸುರಿ ಹೆಣ್ಣುಮಕ್ಕಳು ಕಂದು ಹಾಕಿದ ಕುರಿಯ ಮಾಸು, ಸತ್ತ ಮರಿ ಮುಟ್ಟಬಾರದು. ಹಾಲು ಕಾಯಿಸಿಯೇ ಕುಡಿಯಿರಿ.

ಮರಿಗಳ ಹಿಂಗಾಲು ತೂಗಾಡುತ್ತಿದೆ. ತಾಮ್ರದ ಕೊರತೆ ಅಂದರು. ತಾಮ್ರ ಕೊಡಲೇ?

ತಾಮ್ರದ ಕೊರತೆಯಿಂದ ಹುಟ್ಟಿನಿಂದಲೇ ಅಥವಾ ಕೆಲವು ವಾರಗಳಲ್ಲಿ ಹಿಂಗಾಲು ಸೋಲುವುದು ನಿಜ. ಆದರೆ ಕುರಿಗೆ ತಾಮ್ರ ಸ್ವಲ್ಪ ಜಾಸ್ತಿಯಾದರೂ ವಿಷ. ದನದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟೇ ಕೊಡಿ.

ಸೀನುತ್ತಾ ತಲೆ ಕೊಡವುತ್ತದೆ, ಮೂಗಿನಿಂದ ಸಿಂಬಳ. ಇದೂ ತಿರುಗು ರೋಗವಾ?

ಸಾಮಾನ್ಯವಾಗಿ ಇದು ಮೂಗಿನ ಹುಳ. ಒಂದು ಬಗೆಯ ನೊಣ ಮೂಗಿನಲ್ಲಿ ಮರಿ ಬಿಡುತ್ತದೆ. ಐವರ್‌ಮೆಕ್ಟಿನ್‌ಗೆ ಗುಣವಾಗುತ್ತದೆ.

ತಲೆಗೆ ಬರೆ ಹಾಕಿದರೆ, ಕಿವಿ ಸೀಳಿ ರಕ್ತ ಬಿಟ್ಟರೆ ವಾಸಿಯಾಗುತ್ತದೆ ಅಂತಾರಲ್ಲ?

ಹಿರಿಯರು ಮಾಡಿಕೊಂಡು ಬಂದದ್ದು, ಬೇರೆ ದಾರಿ ಇಲ್ಲದ ಕಾಲದಲ್ಲಿ. ಬರೆಯಿಂದ ಗುಳ್ಳೆ ಕರಗುವುದಿಲ್ಲ, ವಿಷ ಇಳಿಯುವುದಿಲ್ಲ. ಮೊದಲೇ ನರಳುತ್ತಿರುವ ಜೀವಕ್ಕೆ ಸುಟ್ಟ ನೋವು ಸೇರುತ್ತದೆ. ಗಾಯಕ್ಕೆ ಹುಳು ಬೀಳುತ್ತದೆ. ಬರೆ ಹಾಕಿದ ಮೇಲೆ ಎದ್ದು ನಿಂತ ಕುರಿಗಳ ಕಥೆ ಇವೆ. ತಾನಾಗಿ ಚೇತರಿಸಿಕೊಳ್ಳುವ ಪ್ರಾಣಿಯೂ ಇರುತ್ತದೆ. ಕಾಯಿಸಿದ ಕಬ್ಬಿಣ ಹಿಡಿಯುವ ಹೊತ್ತಿನಲ್ಲಿ ಫೋನ್ ಹಿಡಿಯಿರಿ ಅಂತ ಕೈಮುಗಿದು ಕೇಳುತ್ತೇನೆ.

ಸತ್ತ ಪ್ರಾಣಿಯ ಮಾಂಸ ತಿನ್ನಬಹುದಾ?

ಇಲ್ಲ. ನಾಯಿಗೂ ಹಾಕಬೇಡಿ. ನಷ್ಟದ ಹೊಟ್ಟೆನೋವು ನನಗೆ ಅರ್ಥವಾಗುತ್ತದೆ. ಆದರೂ ಕಾರಣ ಗೊತ್ತಿಲ್ಲದ ಸಾವಿನ ಮಾಂಸ ಮನೆಗೆ ತರಬೇಡಿ. ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ಅಂಥ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಕೊಯ್ಯಲೇಬಾರದು, ಚರ್ಮ ಸುಲಿಯಲೇಬಾರದು. ಡಾಕ್ಟರು ಹೇಳಿದ ಹಾಗೆ ಆಳದಲ್ಲಿ ಹೂಳಿ. ರೇಬೀಸ್ ಅನುಮಾನ ಇದ್ದರೆ ಮಿದುಳಿನ ಪರೀಕ್ಷೆಯಿಂದ ಖಚಿತವಾಗುತ್ತದೆ. ತಲೆಯನ್ನು ನೀವೇ ಕತ್ತರಿಸಬೇಡಿ. ಅದು ದವಾಖಾನೆಯವರ ಕೆಲಸ. ಮಾದರಿಯನ್ನು ಪುಣೆಯ ಔಂಧ್‌ನಲ್ಲಿರುವ ರೋಗ ತನಿಖಾ ಪ್ರಯೋಗಾಲಯದಂಥ ಕಡೆಗೆ ಮಂಜುಗಡ್ಡೆಯಲ್ಲಿಟ್ಟು ಕಳಿಸುತ್ತಾರೆ.

ಡಾಕ್ಟರು ಮರಾಠಿ ಮಾತಾಡುತ್ತಾರೆ. ನನಗೆ ಸರಿಯಾಗಿ ಬರುವುದಿಲ್ಲ. ಏನು ಹೇಳಬೇಕು?

ಅದಕ್ಕೇ ವಿಡಿಯೋ ಮಾಡಿ ಅಂದದ್ದು. ಪ್ರಾಣಿ ಹೇಗೆ ಸುತ್ತುತ್ತದೆ ಅನ್ನುವುದನ್ನು ಯಾವ ಮಾತಲ್ಲೂ ಹೇಳಬೇಕಾಗಿಲ್ಲ, ತೋರಿಸಿದರೆ ಆಯಿತು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಇಷ್ಟನ್ನು ಮರಾಠಿಯಲ್ಲಿ ಒಂದು ಚೀಟಿಗೆ ಬರೆಸಿಕೊಳ್ಳಿ: ವಯಸ್ಸು, ಯಾವಾಗ ಶುರುವಾಯಿತು, ಎಷ್ಟು ಪ್ರಾಣಿಗೆ, ಜ್ವರ ಎಷ್ಟು, ಎರಡು ದಿನದಲ್ಲಿ ಏನು ತಿಂದಿತು, ಯಾವ ಔಷಧಿ ಕೊಟ್ಟಿರಿ, ಯಾವ ಲಸಿಕೆ ಆಗಿದೆ, ನಾಯಿ ಕಚ್ಚಿತ್ತಾ. ನೀವೇ ಕೊಟ್ಟ ಸೂಜಿಯನ್ನು ಮುಚ್ಚಿಡಬೇಡಿ. ಅದೇ ಔಷಧಿ ಮತ್ತೆ ಬಿದ್ದರೆ ಪ್ರಾಣಿಗೇ ತೊಂದರೆ.

ಚಿಕಿತ್ಸೆ ಆಗಿದೆ, ಇನ್ನೂ ಎದ್ದಿಲ್ಲ. ಹೇಗೆ ನೋಡಿಕೊಳ್ಳಲಿ?

ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒದ್ದೆ ಹುಲ್ಲು ತೆಗೆದು ಒಣ ಹುಲ್ಲು ಹಾಸಿ. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗಿ ಹುಣ್ಣಾಗುತ್ತದೆ. ಡಾಕ್ಟರನ್ನು ಕೇಳಿ ಮುಲಾಮು ಹಚ್ಚಿ. ಗೋಣಿಚೀಲವನ್ನು ಹೊಟ್ಟೆಯ ಕೆಳಗೆ ಹಾಕಿ ಇಬ್ಬರು ಎತ್ತಿ, ದಿನಕ್ಕೆ ಕೆಲವು ಸಲ ಕಾಲ ಮೇಲೆ ನಿಲ್ಲಿಸಿ. ನುಂಗುತ್ತಿದೆ ಅಂತ ಖಚಿತವಾದ ಮೇಲೆ ಹಸಿ ಹುಲ್ಲನ್ನು ಕೈಯಿಂದ ತಿನ್ನಿಸಿ. ಹತ್ತಿರವೇ ಇನ್ನೊಂದು ಸಾಧು ಕುರಿಯನ್ನು ಕಟ್ಟಿದರೆ ರೋಗಿ ಕುರಿ ಗಾಬರಿಯಾಗುವುದು ಕಡಿಮೆ. ರೇಬೀಸ್ ಅನುಮಾನ ಇದ್ದಾಗ ಮಾತ್ರ ಯಾವ ಪ್ರಾಣಿಯನ್ನೂ ಹತ್ತಿರ ಕಟ್ಟಬೇಡಿ. ಕಣ್ಣು ಕಾಣದಿದ್ದರೆ ನೀರಿನ ಪಾತ್ರೆಯ ಜಾಗ ಬದಲಿಸಬೇಡಿ. ಎರಡು ದಿನ ತಾನಾಗಿ ಮೇದು, ನೇರವಾಗಿ ನಡೆದ ಮೇಲೆ ಹಟ್ಟಿಯ ಸುತ್ತಮುತ್ತ ಬಿಡಿ. ದೂರದ ಮಾಳಕ್ಕೆ ಒಂದು ವಾರ ಆದ ಮೇಲೆ ಕಳಿಸಿದರೆ ಸಾಕು.